ಕಲಿಯುತ್ತಿದ್ದವರು ಕಂಡದ್ದು

ವೈದ್ಯವಿಜ್ಞಾನದ ದೊಡ್ಡ ಶೋಧಗಳ ಮಾತು ಬಂದಾಗ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ನರೆತ ಗಡ್ಡದ, ದಪ್ಪ ಕನ್ನಡಕದ ಒಬ್ಬ ಪ್ರಾಧ್ಯಾಪಕರ ಚಿತ್ರ. ಜೀವಮಾನವೆಲ್ಲ ಪ್ರಯೋಗಶಾಲೆಯಲ್ಲಿ ಸವೆದವರಿಗಲ್ಲದೆ ಬೇರೆಯವರಿಗೆ ಪ್ರಕೃತಿ ತನ್ನ ಗುಟ್ಟನ್ನು ಬಿಟ್ಟುಕೊಡುವುದಿಲ್ಲವೆಂದು ನಾವು ನಂಬಿದ್ದೇವೆ. ಬಹುಮಟ್ಟಿಗೆ ಇದು ನಿಜವೇ. ಆದರೆ ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಗೆಂದು ಇನ್ಸುಲಿನ್ ಚುಚ್ಚಿಸಿಕೊಳ್ಳುವ ಹಿರಿಯರಿದ್ದಾರೆಯೆ? ಹೃದಯದ ಶಸ್ತ್ರಚಿಕಿತ್ಸೆಯಾಗಿ ಸುಖವಾಗಿ ಮನೆಗೆ ಮರಳಿದ ನೆಂಟರಿದ್ದಾರೆಯೆ? ಇದ್ದರೆ, ಅವರ ಆಯುಸ್ಸಿನ ಸಾಲದಲ್ಲಿ ಒಂದು ಪಾಲು ಇನ್ನೂ ಪರೀಕ್ಷೆಯನ್ನೇ ಮುಗಿಸದಿದ್ದ ಕೆಲವು ತರುಣರಿಗೆ ಸಲ್ಲಬೇಕು. ಪಾಠ ಕೇಳುವ ಕಾಲದಲ್ಲಿಯೇ ಹೊಸದನ್ನು ಕಂಡ ಅಂಥ ಕೆಲವರ ವಿಚಾರವನ್ನು ಇಂದು ನಿಮ್ಮ ಮುಂದಿಡುತ್ತೇನೆ. ಕಥೆಯಾಗಿ ಅವು ಸ್ವಾರಸ್ಯವಾಗಿವೆ. ಮನೆಯಲ್ಲಿ ಓದುವ ಮಕ್ಕಳಿರುವ ನಾವು ಅವುಗಳಿಂದ ತಿಳಿಯಬೇಕಾದ ಒಂದು ಮಾತೂ ಇದೆ.

ಮೊದಲು ಜರ್ಮನಿಯ ಬರ್ಲಿನ್ ನಗರಕ್ಕೆ ಹೋಗೋಣ. 1869ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಪಾಲ್ ಲಾಂಗರ್‌ಹಾನ್ಸ್ ಎಂಬ 21 ವರ್ಷದ ತರುಣ ವೈದ್ಯಪದವಿಗಾಗಿ ಒಂದು ಪ್ರಬಂಧವನ್ನು ಒಪ್ಪಿಸಿದ. ಅದರ ವಿಷಯ ಮೇದೋಜೀರಕ ಗ್ರಂಥಿಯ ರಚನೆ. ನಮ್ಮ ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಈ ಗ್ರಂಥಿ ಒಂದು ಬಗೆಯ ಜೀರ್ಣರಸವನ್ನು ತಯಾರಿಸಿ, ನಾಳದ ಮೂಲಕ ಕರುಳಿಗೆ ಕಳಿಸುತ್ತದೆ. ಇಷ್ಟು ಆಗಿನ ಕಾಲಕ್ಕೆ ಎಲ್ಲರಿಗೂ ತಿಳಿದಿತ್ತು. ಲಾಂಗರ್‌ಹಾನ್ಸ್ ಮೊಲದ ಗ್ರಂಥಿಯನ್ನು ತೆಗೆದು, ಅದರ ನಾಳದೊಳಕ್ಕೆ ನೀಲಿ ಬಣ್ಣವನ್ನು ತುಂಬಿ, ಅದು ಎಲ್ಲೆಲ್ಲಿ ಹರಿಯುತ್ತದೆಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕುಳಿತ. ರಸವನ್ನು ಸ್ರವಿಸುವ ಜೀವಕೋಶಗಳು ಕಂಡವು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು, ಮಿಕ್ಕವುಗಳಿಗಿಂತ ಚಿಕ್ಕದಾದ, ತಿಳಿಯಾದ ಕೋಶಗಳ ಗುಂಪುಗಳೂ ಕಂಡವು. ಹೊಲದ ಮಧ್ಯೆ ಅಲ್ಲಲ್ಲಿ ಬಿಟ್ಟ ಕಲ್ಲುಗುಡ್ಡೆಗಳಂತೆ ಅವು ಇದ್ದವು.

ಅವುಗಳ ಆಕಾರವನ್ನೂ ಗಾತ್ರವನ್ನೂ ಇರುವ ಜಾಗವನ್ನೂ ಆತ ಒಪ್ಪವಾಗಿ ವರ್ಣಿಸಿದ. ಅವುಗಳ ಕೆಲಸವೇನು? ಅದು ತನಗೆ ತಿಳಿಯದೆಂದು ನೇರವಾಗಿ ಬರೆದ. ಪದವಿಗಾಗಿ ಬರೆಯುವ ಪ್ರಬಂಧದಲ್ಲಿ ಹೀಗೆ ಬರೆಯುವುದು ಸುಲಭವಲ್ಲ. ಪರೀಕ್ಷಕರೆದುರು ನಿಂತಾಗ ಏನಾದರೊಂದು ಉತ್ತರವನ್ನು ಹೆಣೆದು ಹೇಳುವ ಆಸೆ ಯಾವ ವಿದ್ಯಾರ್ಥಿಗೆ ತಾನೆ ಇರುವುದಿಲ್ಲ?

ಲಾಂಗರ್‌ಹಾನ್ಸ್ ವೈದ್ಯನಾದ. ಕೆಲವು ವರ್ಷಗಳಲ್ಲಿ ಕ್ಷಯರೋಗ ಹಿಡಿಯಿತು. ಹವೆಯ ಬದಲಾವಣೆಗೆಂದು ಅಟ್ಲಾಂಟಿಕ್ ಸಾಗರದ ಮಡೀರ ದ್ವೀಪಕ್ಕೆ ಹೋಗಿ, ಅಲ್ಲಿಯೇ ರೋಗಿಗಳನ್ನು ನೋಡಿಕೊಂಡಿದ್ದು, 1888ರಲ್ಲಿ ನಲವತ್ತೊಂದು ತುಂಬುವ ಮೊದಲೇ ತೀರಿಕೊಂಡ. ಅದರ ಮರುವರ್ಷ, 1889ರಲ್ಲಿ, ಸ್ಟ್ರಾಸ್‌ಬರ್ಗಿನ ಮೆರಿಂಗ್ ಮತ್ತು ಮಿಂಕೋವ್‌ಸ್ಕಿ ಎಂಬ ಇಬ್ಬರು ವಿದ್ವಾಂಸರು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದಾಗ ಆ ನಾಯಿಗೆ ಮಧುಮೇಹ ಬಂತು. 1893ರಲ್ಲಿ ಫ್ರಾನ್ಸಿನ ಲಾಗೆಸ್ ಎಂಬಾತ ಆ ಹಳೆಯ ಪ್ರಬಂಧದ ಕೋಶಗಳ ಗುಂಪನ್ನು ನೆನೆದು, ರಕ್ತಕ್ಕೆ ನೇರವಾಗಿ ಸೇರುವ ಯಾವುದೋ ರಸವನ್ನು ಇವು ತಯಾರಿಸುತ್ತಿರಬೇಕೆಂದು ಊಹಿಸಿ, ಅವುಗಳಿಗೆ ಲಾಂಗರ್‌ಹಾನ್ಸ್ ದ್ವೀಪಗಳೆಂದು ಹೆಸರಿಟ್ಟ. ಇನ್ಸುಲಿನ್ ಎಂಬ ಹೆಸರು ಬಂದಿರುವುದೂ ದ್ವೀಪವೆಂಬ ಅರ್ಥದ ಲ್ಯಾಟಿನ್ ಶಬ್ದದಿಂದಲೇ. ಹೆಸರಿನ ಒಡೆಯ ಮಾತ್ರ ಇದಾವುದನ್ನೂ ಕಾಣಲು ಉಳಿದಿರಲಿಲ್ಲ.

ಈ ತರುಣನದೇ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಪ್ರಬಂಧಕ್ಕಿಂತ ಒಂದು ವರ್ಷ ಮೊದಲು, 1868ರಲ್ಲಿ, ಮನುಷ್ಯನ ಚರ್ಮಕ್ಕೆ ಚಿನ್ನದ ಲವಣದ ಬಣ್ಣ ಕೊಟ್ಟು ನೋಡಿದಾಗ, ಕೊಂಬೆಗಳನ್ನು ಚಾಚಿಕೊಂಡ ವಿಚಿತ್ರ ಕೋಶಗಳು ಅವನ ಕಣ್ಣಿಗೆ ಬಿದ್ದಿದ್ದವು. ನೋಡಲು ನರಗಳಂತಿದ್ದುದರಿಂದ ಅವು ನರಕೋಶಗಳೇ ಇರಬೇಕೆಂದು ಆತ ಊಹಿಸಿದ. ಆ ಊಹೆ ತಪ್ಪಾಗಿತ್ತು. ಹೊರಗಿನಿಂದ ನುಗ್ಗುವ ರೋಗಾಣುಗಳನ್ನು ಹಿಡಿದು ದೇಹಕ್ಕೆ ಎಚ್ಚರಿಕೆ ಕೊಡುವ ಕಾವಲುಗಾರರು ಅವು ಎಂಬುದು ನೂರು ವರ್ಷಗಳ ಮೇಲೆ ಗೊತ್ತಾಯಿತು. ಊಹೆ ಬಿದ್ದುಹೋಯಿತು, ಆದರೆ ಆತ ಬರೆದಿಟ್ಟ ವರ್ಣನೆ ಉಳಿಯಿತು. ಇಂದಿಗೂ ಆ ಕೋಶಗಳಿಗೆ ಅವನದೇ ಹೆಸರು. ಕಂಡದ್ದು ಬೇರೆ, ಕಂಡದ್ದರ ಬಗ್ಗೆ ನಾವು ತಿಳಿದುಕೊಳ್ಳುವುದು ಬೇರೆ. ಈ ಎರಡರ ನಡುವೆ ಗೆರೆ ಎಳೆಯಬಲ್ಲವನ ಕೆಲಸ ಅವನ ತಪ್ಪುಗಳನ್ನೂ ದಾಟಿ ಬದುಕುತ್ತದೆ.

ಲಾಂಗರ್‌ಹಾನ್ಸ್ ಬಿಟ್ಟುಹೋದ ಪ್ರಶ್ನೆಯನ್ನು ಎತ್ತಿಕೊಂಡವರಲ್ಲಿಯೂ ಒಬ್ಬ ವಿದ್ಯಾರ್ಥಿಯಿದ್ದ. ಕೆನಡ ದೇಶದ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ 1920ರ ನವೆಂಬರ್ ತಿಂಗಳಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಎಂಬ ಯುವ ಶಸ್ತ್ರವೈದ್ಯ ಪ್ರಾಧ್ಯಾಪಕ ಮ್ಯಾಕ್ಲಿಯೋಡರ ಬಳಿಗೆ ಬಂದು, ಗ್ರಂಥಿಯ ಒಳರಸವನ್ನು ಬೇರ್ಪಡಿಸಲು ತನಗೆ ಅವಕಾಶ ಬೇಕೆಂದು ಕೇಳಿದ್ದ. ಪ್ರಾಧ್ಯಾಪಕರಿಗೆ ಅಷ್ಟಾಗಿ ನಂಬಿಕೆಯಿರಲಿಲ್ಲ. ಆದರೂ 1921ರ ಮೇ ತಿಂಗಳಲ್ಲಿ ಒಂದು ಕೊಠಡಿಯನ್ನು, ಕೆಲವು ನಾಯಿಗಳನ್ನು, ಒಬ್ಬ ಸಹಾಯಕನನ್ನು ಕೊಟ್ಟರು. ಆ ಸಹಾಯಕನಾಗಲು ಇಬ್ಬರು ವಿದ್ಯಾರ್ಥಿಗಳಿದ್ದರು. ಮೊದಲು ಯಾರು ಹೋಗಬೇಕೆಂಬುದನ್ನು ಅವರು ನಾಣ್ಯ ಚಿಮ್ಮಿಸಿ ನಿರ್ಧರಿಸಿದರೆಂದು ಕಥೆ ಹೇಳುತ್ತಾರೆ. ಹೋದವನು ಚಾರ್ಲ್ಸ್ ಬೆಸ್ಟ್, ವಯಸ್ಸು 22. ಆಗಷ್ಟೇ ಮೊದಲ ಪದವಿಯ ಪಾಠಗಳನ್ನು ಮುಗಿಸಿದ್ದ. ಅವನಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಒಂದು: ರಕ್ತದಲ್ಲಿಯೂ ಮೂತ್ರದಲ್ಲಿಯೂ ಸಕ್ಕರೆ ಎಷ್ಟಿದೆಯೆಂದು ಅಳೆಯುವುದು.

ಕೇಳುವುದಕ್ಕೆ ಇದು ಗುಮಾಸ್ತೆಯ ಕೆಲಸದಂತೆ ಕಾಣಬಹುದು. ಆದರೆ ಆ ಬೇಸಗೆಯ ಶೋಧವೆಲ್ಲ ನಿಂತದ್ದು ಈ ಅಳತೆಯ ಮೇಲೆಯೇ. ಗ್ರಂಥಿಯ ಸಾರವನ್ನು ಮಧುಮೇಹವಿರುವ ನಾಯಿಗೆ ಚುಚ್ಚಿದ ಮೇಲೆ ಸಕ್ಕರೆ ಇಳಿಯಿತೆ, ಎಷ್ಟು ಇಳಿಯಿತು, ಎಷ್ಟು ಹೊತ್ತು ಇಳಿದಿತ್ತು? ಇದಕ್ಕೆ ಉತ್ತರ ಹೇಳುವುದು ಬೆಸ್ಟ್‌ನ ಗಾಜಿನ ಕೊಳವೆಗಳಲ್ಲದೆ ಉತ್ಸಾಹವಲ್ಲ. ಜುಲೈ ತಿಂಗಳ ಕೊನೆಯಲ್ಲಿ ಸಕ್ಕರೆ ಇಳಿದುದು ಕಂಡಿತು. ಮುಂದಿನ ವರ್ಷದ ಜನವರಿ 11ರಂದು ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿಗೆ ಚುಚ್ಚಿದಾಗ ಫಲ ಅತ್ಯಲ್ಪ. ಚುಚ್ಚಿದ ಜಾಗವೂ ಬಾತುಕೊಂಡಿತು. ಜೇಮ್ಸ್ ಕಾಲಿಪ್ ಎಂಬ ರಸಾಯನಜ್ಞ ಆ ಸಾರವನ್ನು ಇನ್ನಷ್ಟು ಶುದ್ಧಗೊಳಿಸಿದ ಮೇಲೆ, ಅದೇ ತಿಂಗಳ 23ರಂದು ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಅಲ್ಲಿಯವರೆಗೆ ಇಂಥ ಮಕ್ಕಳಿಗಿದ್ದ ಚಿಕಿತ್ಸೆಯೆಂದರೆ ಉಪವಾಸಕ್ಕೆ ಸಮನಾದ ಪಥ್ಯ. ಅದು ಸಾವನ್ನು ಕೆಲಕಾಲ ಮುಂದೂಡುತ್ತಿತ್ತು, ಅಷ್ಟೆ. ಥಾಮ್ಸನ್ ಮತ್ತೆ 13 ವರ್ಷ ಬದುಕಿದ.

1923ರ ನೊಬೆಲ್ ಪಾರಿತೋಷಕ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯೋಡ್ ಇವರಿಗೆ ಬಂತು. ವಿದ್ಯಾರ್ಥಿಯ ಹೆಸರು ಅಲ್ಲಿರಲಿಲ್ಲ. ಬ್ಯಾಂಟಿಂಗ್ ತನ್ನ ಹಣದಲ್ಲಿ ಅರ್ಧವನ್ನು ಬೆಸ್ಟ್‌ಗೆ ಹಂಚಿದ. ಮ್ಯಾಕ್ಲಿಯೋಡ್ ತಮ್ಮ ಹಣದಲ್ಲಿ ಅರ್ಧವನ್ನು ಕಾಲಿಪ್‌ಗೆ ಹಂಚಿದರು. ಹಣ ಹಂಚಿದಷ್ಟು ಸುಲಭವಾಗಿ ಕೀರ್ತಿಯನ್ನು ಹಂಚುವುದು ಆಗಲಿಲ್ಲ. ಅದರ ಜಗಳ ಬಹುಕಾಲ ನಡೆಯಿತು.

ಕಿರಿಯರ ಕೆಲಸವನ್ನು ಹಿರಿಯರು ಹೇಗೆ ನೋಡಬೇಕೆಂಬುದಕ್ಕೆ ನನಗೆ ಹೆಚ್ಚು ಹಿಡಿಸಿದ ಪ್ರಸಂಗ ಅಮೆರಿಕದ ಬಾಲ್ಟಿಮೋರ್ ನಗರದ್ದು. ಅಲ್ಲಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ವಿಲಿಯಂ ಹೊವೆಲ್ ಎಂಬ ಪ್ರಸಿದ್ಧ ಶರೀರಕ್ರಿಯಾಶಾಸ್ತ್ರಜ್ಞರು ರಕ್ತ ಹೆಪ್ಪುಗಟ್ಟುವ ಬಗೆಯನ್ನು ಕುರಿತು ಶೋಧ ನಡೆಸುತ್ತಿದ್ದರು. ಜೇ ಮೆಕ್ಲೀನ್ ಎಂಬ ವೈದ್ಯವಿದ್ಯಾರ್ಥಿ ಅವರ ಕೈಕೆಳಗೆ ಸೇರಿದ. ಮಿದುಳಿನಿಂದ ಹಾಗೂ ಇತರ ಅಂಗಗಳಿಂದ, ರಕ್ತವನ್ನು ಬೇಗ ಹೆಪ್ಪುಗಟ್ಟಿಸುವ ಪದಾರ್ಥವನ್ನು ತೆಗೆದು ಪರೀಕ್ಷಿಸುವುದು ಅವನಿಗೆ ಕೊಟ್ಟ ಕೆಲಸ. ಯಕೃತ್ತಿನಿಂದ, ಎಂದರೆ ನಾವು ಪಿತ್ತಜನಕಾಂಗವೆನ್ನುವ ಅಂಗದಿಂದ, ತೆಗೆದ ಸಾರವೊಂದನ್ನು ಆತ ಸ್ವಲ್ಪ ಕಾಲ ಇಟ್ಟು ಮತ್ತೆ ಪರೀಕ್ಷಿಸಿದ. ಹೆಪ್ಪುಗಟ್ಟಿಸುವ ಶಕ್ತಿ ಅದರಲ್ಲಿ ಕುಂದಿತ್ತು. ಇನ್ನೂ ಕೆಲವು ದಿನ ಬಿಟ್ಟು ನೋಡಿದರೆ, ಅದು ರಕ್ತ ಹೆಪ್ಪುಗಟ್ಟದಂತೆ ತಡೆಯತೊಡಗಿತ್ತು. ಹುಡುಕಲು ಹೊರಟದ್ದು ಒಂದು, ಕೈಗೆ ಸಿಕ್ಕಿದ್ದು ಅದಕ್ಕೆ ತೀರ ಎದುರಾದದ್ದು.

ಇಂಥ ಸಮಯದಲ್ಲಿ ಬಹುಮಂದಿ ವಿದ್ಯಾರ್ಥಿಗಳು ಏನು ಮಾಡುತ್ತಾರೆಂಬುದನ್ನು ಊಹಿಸಬಹುದು. ಸಾರ ಕೆಟ್ಟಿತೆಂದು ಚೆಲ್ಲಿ ಹೊಸದನ್ನು ತಯಾರಿಸುತ್ತಾರೆ. ಮೆಕ್ಲೀನ್ ಚೆಲ್ಲಲಿಲ್ಲ. ಗುರುಗಳಿಗೆ ಹೋಗಿ ಹೇಳಿದ. ಹೊವೆಲ್ಲರು ನಂಬಲಿಲ್ಲ. ಆಗ ಆತ ಬೆಕ್ಕಿನ ರಕ್ತವನ್ನು ಒಂದು ಗಾಜಿನ ಪಾತ್ರೆಯಲ್ಲಿ ತುಂಬಿ, ತನ್ನ ಸಾರವನ್ನು ಬೆರೆಸಿ, ಗುರುಗಳ ಮೇಜಿನ ಮೇಲೆ ತಂದಿಟ್ಟು, ಇದು ಹೆಪ್ಪುಗಟ್ಟಿದಾಗ ದಯವಿಟ್ಟು ತಿಳಿಸಿರೆಂದು ಕೇಳಿಕೊಂಡು ಹೋದನಂತೆ. ಆ ರಕ್ತ ಹೆಪ್ಪುಗಟ್ಟಲೇ ಇಲ್ಲ. ಮೆಕ್ಲೀನನ ಲೇಖನ 1916ರಲ್ಲಿ ಅಚ್ಚಾಯಿತು. ಹೊವೆಲ್ಲರು ಎಮೆಟ್ ಹೋಲ್ಟ್ ಎಂಬ ಮತ್ತೊಬ್ಬ ವಿದ್ಯಾರ್ಥಿಯ ಜೊತೆಗೆ ಕೆಲಸ ಮುಂದುವರಿಸಿ, 1918ರಲ್ಲಿ ಯಕೃತ್ತೆಂಬ ಅರ್ಥದ ಗ್ರೀಕ್ ಶಬ್ದದಿಂದ ಹೆಪಾರಿನ್ ಎಂಬ ಹೆಸರನ್ನು ಮಾಡಿದರು. ಮೆಕ್ಲೀನನ ಕೈಗೆ ಸಿಕ್ಕ ಪದಾರ್ಥವೂ ಮುಂದೆ ಆ ಹೆಸರು ಪಡೆದ ಪದಾರ್ಥವೂ ಒಂದೇ ಅಲ್ಲವೆಂದು ವಾದಿಸುವವರುಂಟು. ಅದಿರಲಿ. ಆ ದಿಕ್ಕಿಗೆ ದಾರಿ ತೆರೆದದ್ದು ಹೆಪ್ಪುಗಟ್ಟದ ಆ ರಕ್ತವೇ.

ಹೆಪಾರಿನ್ ಶುದ್ಧರೂಪದಲ್ಲಿ ರೋಗಿಗಳಿಗೆ ಸಿಕ್ಕಿದ್ದು 1930ರ ದಶಕದ ಮಧ್ಯಭಾಗದಲ್ಲಿ. ಟೊರಾಂಟೊದಲ್ಲಿ ಆ ಕೆಲಸವನ್ನು ಮುನ್ನಡೆಸಿದವನು, ಅಷ್ಟು ಹೊತ್ತಿಗೆ ತಾನೇ ಪ್ರಾಧ್ಯಾಪಕನಾಗಿದ್ದ, ನಮ್ಮ ಚಾರ್ಲ್ಸ್ ಬೆಸ್ಟ್. ಇಂದು ಹೃದಯವನ್ನು ನಿಲ್ಲಿಸಿ ಯಂತ್ರದ ಮೂಲಕ ರಕ್ತವನ್ನು ಹರಿಸುವ ಶಸ್ತ್ರಚಿಕಿತ್ಸೆಗೂ, ಮೂತ್ರಪಿಂಡ ಸೋತವರ ರಕ್ತಶುದ್ಧಿಗೂ ಹೆಪಾರಿನ್ ಬೇಕು. ಅದಿಲ್ಲದಿದ್ದರೆ ಕೊಳವೆಗಳಲ್ಲಿಯೇ ರಕ್ತ ಗಟ್ಟಿಯಾದೀತು.

ಮನಃಶಾಸ್ತ್ರದ ಕಡೆಗೂ ಒಮ್ಮೆ ತಿರುಗೋಣ. ತೊಟ್ಟಿಲಲ್ಲಿ ಮಲಗಿದ ಕೂಸಿನ ರೆಪ್ಪೆಯಡಿಯಲ್ಲಿ ಕಣ್ಣುಗುಡ್ಡೆ ಹೊರಳುವುದನ್ನು, ತುಟಿಯಂಚಿನಲ್ಲಿ ನಗು ಮೂಡುವುದನ್ನು ನಮ್ಮ ಅಜ್ಜಿಯರು ಕಾಣದೆ ಇರಲಿಲ್ಲ. ದೇವರು ನಗಿಸುತ್ತಿದ್ದಾನೆಂದು ಹೇಳಿ ಸೆರಗು ಹೊದಿಸುತ್ತಿದ್ದರು. ಪಂಡಿತರಾದರೋ, ನಿದ್ದೆಯೆಂದರೆ ಮಿದುಳಿನ ಅಂಗಡಿಗೆ ಬೀಗ ಹಾಕಿದಂತೆ ಎಂದೇ ತಿಳಿದಿದ್ದರು. ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ನಿದ್ರೆಯ ವಿಷಯದ ಪರಿಣತರಾಗಿದ್ದ ನಥಾನಿಯಲ್ ಕ್ಲೈಟ್‌ಮನ್ ಅವರು ಯೂಜಿನ್ ಅಸೆರಿನ್‌ಸ್ಕಿ ಎಂಬ ಶಿಷ್ಯನಿಗೆ ಮಲಗಿದ ಎಳೆಗೂಸುಗಳ ಕಣ್ಣುಗಳನ್ನು ಗಮನಿಸುವ ಕೆಲಸ ಕೊಟ್ಟರು. ನೀರಸವಾದ ಕೆಲಸ. 1951ರ ಡಿಸೆಂಬರಿನಲ್ಲಿ ಆತ ಮೂಲೆ ಸೇರಿದ್ದ ಹಳೆಯ ಯಂತ್ರವೊಂದನ್ನು ಸರಿಪಡಿಸಿಕೊಂಡು, ತನ್ನ ಎಂಟು ವರ್ಷದ ಮಗನನ್ನೇ ಪ್ರಯೋಗಶಾಲೆಯಲ್ಲಿ ಮಲಗಿಸಿ, ಅವನ ಕಣ್ಣಿನ ಚಲನೆಯನ್ನು ಕಾಗದದ ಮೇಲೆ ಬರೆಯಿಸತೊಡಗಿದ. ಒಂದು ರಾತ್ರಿಗೆ ಅರ್ಧ ಮೈಲಿಯಷ್ಟು ಕಾಗದ ಸುರುಳಿ ಬಿಚ್ಚುತ್ತಿತ್ತು.

ನಡುರಾತ್ರಿಯಲ್ಲಿ ಯಂತ್ರದ ಲೇಖನಿಗಳು ಇದ್ದಕ್ಕಿದ್ದಂತೆ ಬಿರುಸಾಗಿ ಆಡಿದುವು. ಮಗ ಎದ್ದನೇನೋ ಎಂದು ಆತ ಹೋಗಿ ನೋಡಿದರೆ ಹುಡುಗ ಗಾಢನಿದ್ರೆಯಲ್ಲಿದ್ದಾನೆ, ರೆಪ್ಪೆಯ ಕೆಳಗೆ ಕಣ್ಣುಗಳು ಮಾತ್ರ ಓಡಾಡುತ್ತಿವೆ. ಯಂತ್ರದ ದೋಷವೆಂದು ಮೊದಲು ಅನುಮಾನವಾಯಿತು. ಮತ್ತೆ ಮತ್ತೆ ಪರೀಕ್ಷಿಸಿದರೂ ಅದೇ ಕಂಡಿತು. ಕ್ಲೈಟ್‌ಮನ್ನರೂ ಸುಲಭವಾಗಿ ಒಪ್ಪುವವರಲ್ಲ. ತಮ್ಮ ಸ್ವಂತ ಮಗಳನ್ನೇ ಮಲಗಿಸಿ ಪರೀಕ್ಷೆ ಮಾಡಿ ನೋಡಿದ ಮೇಲೆಯೇ ಒಪ್ಪಿದರು. 1953ರಲ್ಲಿ ಇಬ್ಬರ ಹೆಸರಿನಲ್ಲಿ ಪ್ರಕಟವಾದ ಲೇಖನದಲ್ಲಿ ಲೆಕ್ಕ ಹೀಗಿದೆ: ಕಣ್ಣು ಓಡಾಡುವಾಗ ಎಬ್ಬಿಸಿ ಕೇಳಿದ 27 ಸಲಗಳಲ್ಲಿ 20 ಸಲ ಮಲಗಿದ್ದವರು ಕನಸನ್ನು ವಿವರವಾಗಿ ಹೇಳಿದರು. ಕಣ್ಣು ಸುಮ್ಮನಿರುವಾಗ ಎಬ್ಬಿಸಿದ 23 ಸಲಗಳಲ್ಲಿ 19 ಸಲ ಅವರಿಗೆ ಏನೂ ನೆನಪಿರಲಿಲ್ಲ. ನಿದ್ದೆ ಒಂದೇ ಬಗೆಯದಲ್ಲ, ರಾತ್ರಿಯಲ್ಲಿ ಹಲವು ಬಾರಿ ಮಿದುಳು ಒಳಗೊಳಗೇ ಎಚ್ಚರಗೊಂಡಂತೆ ದುಡಿಯುತ್ತದೆಂಬ ತಿಳಿವಳಿಕೆ ಇಲ್ಲಿಂದ ಬೆಳೆಯಿತು. ಅದನ್ನು ಬೆಳೆಸಿದವರಲ್ಲಿ ಮುಖ್ಯನಾದ ವಿಲಿಯಂ ಡಿಮೆಂಟ್ ಕೂಡ ಆಗ ಅದೇ ಪ್ರಯೋಗಶಾಲೆಯ ವೈದ್ಯವಿದ್ಯಾರ್ಥಿ.

ಇದುವರೆಗೆ ಹೇಳಿದವರಲ್ಲಿ ಯಾರಿಗೂ ಶೋಧದಿಂದ ಪ್ರಾಣಭಯವಿರಲಿಲ್ಲ. ಆದರೆ ವಿದ್ಯಾರ್ಥಿಯ ಉತ್ಸಾಹಕ್ಕೆ ಕಾವಲು ಬೇಕೆಂಬುದಕ್ಕೂ ಒಂದು ಕಥೆಯಿದೆ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ 1870ರ ದಶಕದಲ್ಲಿ, ಲೀಮಾ ನಗರದಿಂದ ಓರೋಯಾ ಎಂಬ ಊರಿನ ಕಡೆಗೆ ಬೆಟ್ಟ ಕಡಿದು ರೈಲುದಾರಿ ಹಾಕುತ್ತಿದ್ದ ಕೂಲಿಕಾರರು ಘೋರವಾದ ಜ್ವರದಿಂದ ಗುಂಪುಗುಂಪಾಗಿ ಸತ್ತರು. ಅದೇ ಕಣಿವೆಗಳಲ್ಲಿ ಮೈಮೇಲೆ ಕೆಂಪು ಗಂಟುಗಳು ಏಳುವ, ಅಷ್ಟೇನೂ ಅಪಾಯವಿಲ್ಲದ ಮತ್ತೊಂದು ರೋಗವೂ ಇತ್ತು. ಇವೆರಡೂ ಒಂದೇ ರೋಗವೆ, ಬೇರೆ ಬೇರೆಯೆ? ದಾನಿಯಲ್ ಕಾರಿಯೋನ್ ಎಂಬ ವೈದ್ಯವಿದ್ಯಾರ್ಥಿ ಈ ಗಂಟುಗಳ ರೋಗವನ್ನು ಅಭ್ಯಾಸ ಮಾಡುತ್ತಿದ್ದ. 1885ರ ಆಗಸ್ಟ್ 27ರಂದು, ಆಸ್ಪತ್ರೆಯ ರೋಗಿಯೊಬ್ಬನ ಗಂಟಿನಿಂದ ತೆಗೆದ ರಕ್ತವನ್ನು ತನ್ನ ತೋಳಿಗೇ ಚುಚ್ಚಿಸಿಕೊಂಡ. ಮೂರು ವಾರಗಳಲ್ಲಿ ಜ್ವರ ಬಂತು. ತನ್ನ ರೋಗಲಕ್ಷಣಗಳನ್ನು ತಾನೇ ಬರೆದುಕೊಂಡ. ಲೇಖನಿ ಹಿಡಿಯಲು ಶಕ್ತಿ ಸಾಲದಾದಾಗ ಸಹಪಾಠಿಗಳಿಗೆ ಒಪ್ಪಿಸಿದ. ಅಕ್ಟೋಬರ್ 5ರಂದು ತೀರಿಕೊಂಡ. ವಯಸ್ಸು 28. ಎರಡೂ ಒಂದೇ ರೋಗದ ಎರಡು ರೂಪಗಳೆಂಬುದು ಅವನ ಸಾವಿನಿಂದ ತೋರಿತು. ಚುಚ್ಚಲು ನೆರವಾದ ವೈದ್ಯನ ಮೇಲೆ ದೂರು ಬಂತು. ಇಂದು ಪೆರುವಿನಲ್ಲಿ ಅಕ್ಟೋಬರ್ 5 ವೈದ್ಯರ ದಿನವಾಗಿದೆ.

ಆ ತರುಣನ ಧೈರ್ಯಕ್ಕೆ ತಲೆಬಾಗಬೇಕಾದದ್ದೇ. ಆದರೆ ಅಂಥ ಧೈರ್ಯವನ್ನು ಯಾರಿಂದಲೂ ಬಯಸಬಾರದು. ಮನುಷ್ಯರ ಮೇಲಿನ ಪ್ರಯೋಗಗಳಿಗೆ 1947ರಲ್ಲಿ ನ್ಯೂರೆಂಬರ್ಗಿನಲ್ಲಿಯೂ 1964ರಲ್ಲಿ ಹೆಲ್ಸಿಂಕಿಯಲ್ಲಿಯೂ ಕಟ್ಟುಪಾಡುಗಳು ರೂಪುಗೊಂಡುವು. ಈಗ ವೈದ್ಯವಿದ್ಯಾರ್ಥಿಯೊಬ್ಬ ಸಂಶೋಧನೆಗೆಂದು ರೋಗಿಗಳನ್ನು ಪ್ರಶ್ನಿಸಬೇಕಾದರೂ ಮೊದಲು ನೀತಿಸಮಿತಿಯ ಒಪ್ಪಿಗೆ ಬೇಕು, ರೋಗಿಯ ಸಮ್ಮತಿ ಬೇಕು. ಇದನ್ನು ಬರಿಯ ಕಾಗದದ ಕಾಟವೆಂದು ಗೊಣಗುವ ತರುಣರು ಕಾರಿಯೋನನನ್ನು ಒಮ್ಮೆ ನೆನೆಯಬೇಕು.

ನಮ್ಮ ದೇಶದಲ್ಲಿ ವಿದ್ಯಾರ್ಥಿಗಳಿಗೆ ಇಂಥ ಅವಕಾಶವಿದೆಯೆ ಎಂದು ನೀವು ಕೇಳಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಲ್ಲಿ ಒಂದು ಅಲ್ಪಾವಧಿ ವಿದ್ಯಾರ್ಥಿವೇತನವನ್ನು ಆರಂಭಿಸಿತು. ಪದವಿಗೆ ಓದುತ್ತಿರುವ ವೈದ್ಯವಿದ್ಯಾರ್ಥಿ ತನ್ನ ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಎರಡು ತಿಂಗಳ ಕಾಲ ಒಂದು ಚಿಕ್ಕ ಪ್ರಶ್ನೆಯನ್ನು ಹಿಡಿದು ಶೋಧಿಸಿ ವರದಿ ಒಪ್ಪಿಸುವ ಏರ್ಪಾಟು ಅದು. ಎರಡು ತಿಂಗಳಲ್ಲಿ ಇನ್ಸುಲಿನ್ ಸಿಗುವುದಿಲ್ಲ ನಿಜ. ಆದರೆ ಅಳೆಯುವ, ಎಣಿಸುವ, ಕಂಡಷ್ಟನ್ನೇ ಬರೆಯುವ ಅಭ್ಯಾಸ ಬರುತ್ತದೆ. ಬೆಸ್ಟ್ ಪ್ರಯೋಗಶಾಲೆಗೆ ತಂದ ಬಂಡವಾಳವೂ ಅಷ್ಟೇ ಅಲ್ಲವೆ?

ಈಗ ಮನೆಯ ಮಾತಿಗೆ ಬರೋಣ. ಶಾಲೆಯಲ್ಲಿಯೂ ಕಾಲೇಜಿನಲ್ಲಿಯೂ ಇಂದು ಮಕ್ಕಳಿಗೆ ಪ್ರಾಜೆಕ್ಟ್ ಎಂಬ ಹೆಸರಿನಲ್ಲಿ ಸಣ್ಣಪುಟ್ಟ ಶೋಧಗಳನ್ನು ಕೊಡುತ್ತಾರೆ. ಬೀದಿಯ ಮನೆಗಳ ತೊಟ್ಟಿಗಳಲ್ಲಿ ಸೊಳ್ಳೆಮರಿಗಳೆಷ್ಟಿವೆ, ತರಗತಿಯ ಮಕ್ಕಳು ಎಷ್ಟು ಗಂಟೆ ನಿದ್ದೆ ಮಾಡುತ್ತಾರೆ, ಮೊಳಕೆಯೊಡೆಯಲು ಹೆಸರುಕಾಳಿಗೆ ಎಷ್ಟು ಹೊತ್ತು ಬೇಕು, ಹೀಗೆ. ಎಷ್ಟು ಮನೆಗಳಲ್ಲಿ ಇದನ್ನು ಮಕ್ಕಳೇ ಮಾಡುತ್ತಾರೆ? ತಂದೆ ಬರೆಯುತ್ತಾರೆ, ತಾಯಿ ಚಿತ್ರ ಅಂಟಿಸುತ್ತಾರೆ, ಇಲ್ಲವೆ ಅಂಗಡಿಯಿಂದ ಸಿದ್ಧವಾದದ್ದೇ ಬರುತ್ತದೆ. ಮಗುವೇ ಕುಳಿತು ಎಣಿಸಿ, ಪುಸ್ತಕದಲ್ಲಿ ಹೇಳಿದಂತೆ ಬರಲಿಲ್ಲವೆಂದರೆ, ಅಂಕ ಹೋದೀತೆಂದು ನಾವೇ ಲೆಕ್ಕವನ್ನು ತಿದ್ದಿಸುತ್ತೇವೆ. ಈ ತಿದ್ದುಪಡಿ ಚಿಕ್ಕದೆಂದು ಭಾವಿಸಬೇಡಿ. ಬಯಸಿದ ಉತ್ತರಕ್ಕೆ ಹೊಂದುವಂತೆ ಕಂಡದ್ದನ್ನು ಬದಲಾಯಿಸಬಹುದೆಂಬ ಪಾಠವನ್ನು ಆ ದಿನ ಮಗು ಕಲಿಯುತ್ತದೆ. ಅದೇ ಮಗು ನಾಳೆ ವೈದ್ಯನಾಗಿ ನಿಮ್ಮ ರಕ್ತವನ್ನು ಪರೀಕ್ಷಿಸಬೇಕಾದೀತು, ಔಷಧದ ಗುಣಾವಗುಣಗಳನ್ನು ಬರೆದಿಡಬೇಕಾದೀತು.

ಆದ್ದರಿಂದ ನಿಮ್ಮ ಮಗನೋ ಮಗಳೋ ತೊಟ್ಟಿಯ ಪಕ್ಕದಲ್ಲಿ ನೋಟುಪುಸ್ತಕ ಹಿಡಿದು ಕುಳಿತರೆ ಅಷ್ಟು ಹೊತ್ತು ಕೂರಲು ಬಿಡಿ. ಬೇಕಾದರೆ ಒಂದು ಮೂಲೆಯನ್ನೂ ಒಂದು ಗಾಜಿನ ಲೋಟವನ್ನೂ ಕೊಡಿ. ಹೇಳಿದ್ದನ್ನು ನಂಬಲಾಗದಿದ್ದರೆ ಕ್ಲೈಟ್‌ಮನ್ನರಂತೆ ನೀವೇ ಒಮ್ಮೆ ಎಣಿಸಿ ನೋಡಿ. ಬೈದು ಕಳಿಸಬೇಡಿ. ಎಣಿಸಿ ಮುಗಿಸಿದ ಮೇಲೆ, ಇದು ಏಕೆ ಹೀಗೆ ಎಂದು ನೀವು ಕೇಳಿದಾಗ ಮಗು ತನಗೆ ತಿಳಿಯದೆಂದರೆ, ಆ ಮಾತನ್ನೂ ಪುಸ್ತಕದಲ್ಲಿ ಹಾಗೆಯೇ ಬರೆಯಲು ಹೇಳಿ.